ಫಿರಂಗಿಯ ಬಾಯಿ ಯಾವ ಕಡೆಗೆ?

ಬೆಟ್ಟದ ನೆತ್ತಿಯ ಮೇಲೆ ಕೋಟೆ ಇದ್ದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬಾರಾಮಹಲ್ ಅಂದರೇ ಕೋಟೆಗಳ ಸೀಮೆ. ಕೃಷ್ಣಗಿರಿ, ರಾಯಕೋಟೆ, ಜಗದೇವಿ, ಹೀಗೆ ಬಂಡೆ ಕಂಡಲ್ಲೆಲ್ಲ ಯಾರೋ ಒಬ್ಬ ಮೇಲೆ ಹತ್ತಿ ಸುತ್ತುಗೋಡೆ ಎಬ್ಬಿಸಿದ್ದಾನೆ. ನನ್ನ ತಲೆಗೆ ಹೋಗದಿರುವುದು ಏರ್ಕಾಡಿನ ಗ್ರೇಂಜ್. ಅದು ಕಾಫಿ ತೋಟದ ನಡುವಿನ ಮನೆ. ಅದರ ಜೊತೆ ಸೇರಿಕೊಂಡ ಹೆಸರು ಸೇಲಂ ಜಿಲ್ಲೆಯ ಕಲೆಕ್ಟರ್ ಎಂ. ಡಿ. ಕಾಕ್‌ಬರ್ನ್; ಕಾಲ 1820ರ ದಶಕ. ಆ ಹೊತ್ತಿಗೆ ಶ್ರೀರಂಗಪಟ್ಟಣ ಬಿದ್ದು ಇಪ್ಪತ್ತು ವರ್ಷ ದಾಟಿತ್ತು. ಬೆಟ್ಟದ ಮೇಲೆ ಇದ್ದವರು ಮಲೆಯಾಳಿಗಳು. ಕೇರಳದವರಲ್ಲ, ಕಂಚಿಯ ಕಡೆಯಿಂದ ಬಂದ ಅಣ್ಣತಮ್ಮಂದಿರು ಮೂರು ಬೆಟ್ಟ ಹಂಚಿಕೊಂಡರು, ಅದರಲ್ಲಿ ಒಬ್ಬನ ಸಂತತಿ ನಾವು ಎಂದು ಹೇಳಿಕೊಳ್ಳುವ ತಮಿಳು ಮಾತಿನ ಗಿರಿಜನರು. ಸಾಮೆ, ರಾಗಿ ಬೆಳೆದುಕೊಂಡು ತಮ್ಮ ಪಾಡಿಗೆ ಇದ್ದವರು. ಇವರ ನಡುವೆ ಕೋಟೆ ಯಾಕೆ?

*

ಊರಿನಲ್ಲಿ ಹೇಳುವುದು ಹೀಗೆ: 1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ದಂಗೆಯೆದ್ದ ಸುದ್ದಿ ಬಂತು. ಗ್ರೇಂಜನ್ನು ಭದ್ರಪಡಿಸಿದರು, ಕೋಟೆಗೋಡೆ ಎಬ್ಬಿಸಿದರು, ಫಿರಂಗಿ ಇಟ್ಟರು. ಕೆಳಗೊಂದು ನೆಲಮಾಳಿಗೆ ಮಾಡಿ ಆರು ತಿಂಗಳಿಗಾಗುವಷ್ಟು ದವಸಧಾನ್ಯ ತುಂಬಿದರು.

ಆರು ತಿಂಗಳು! ಮೀರತ್ ಎಲ್ಲಿ, ಏರ್ಕಾಡು ಎಲ್ಲಿ. ಸೇಲಂ ಸೀಮೆಯಲ್ಲಿ ಆ ವರ್ಷ ಒಂದು ಕದನವೂ ಆಗಲಿಲ್ಲ. ಆ ಫಿರಂಗಿಗಳಿಗೆ ಸೇಲಂ ಕಡೆಯಿಂದ ಹತ್ತಿ ಬರುವ ಶತ್ರು ಯಾರೂ ಸಿಕ್ಕಲಿಲ್ಲ.

ನನ್ನನ್ನು ಕೊರೆಯುತ್ತಿರುವುದು ಮೂಟೆಗಳ ಪ್ರಶ್ನೆ. ಆರು ತಿಂಗಳ ದವಸ ತಾನಾಗಿ ಬೆಟ್ಟ ಹತ್ತುವುದಿಲ್ಲ. ಈಗಿನ ಇಪ್ಪತ್ತು ತಿರುವಿನ ರಸ್ತೆ ಆಗ ಇರಲಿಲ್ಲ. ಹೇರೆತ್ತು, ತಲೆಹೊರೆ, ಅಷ್ಟೇ. ಅಂದರೆ ಅಕ್ಕಿ ಹೊತ್ತು ತಂದವರು ಬೆಟ್ಟದವರು, ಇಲ್ಲವೇ ತಪ್ಪಲಿನವರು. ಗೋಡೆಗೆ ಕಲ್ಲು ಹೊತ್ತವರೂ ಅವರೇ ಇರಬೇಕು. ಹಾಗಾದರೆ ಆ ಗೋಡೆ ಯಾರನ್ನು ಹೊರಗಿಡಲು? ಮೀರತ್‌ನ ಸಿಪಾಯಿ ಇಲ್ಲಿಗೆ ನಡೆದು ಬರುತ್ತಾನೆಂದು ಯಾರೂ ನಂಬಿರಲಾರರು. ಭಯವಿದ್ದದ್ದು ಮನೆಯಂಗಳದಲ್ಲೇ ಓಡಾಡುವವರ ಬಗ್ಗೆ: ಅಡುಗೆಯವನು, ಕುದುರೆ ನೋಡುವವನು, ಕಾಫಿ ಕೀಳುವ ಹೆಂಗಸರು. ನೆಲಮಾಳಿಗೆ ಎಲ್ಲಿದೆ, ಅದರೊಳಗೆ ಎಷ್ಟು ಮೂಟೆ ಇದೆ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರೂ ಅವರೇ.

*

ದಾರಿಯ ಬಗ್ಗೆ. ಕಂಬೈನಲ್ಲೂರಿನಿಂದ ಏರ್ಕಾಡಿಗೆ ಹೊರಟವರು ಸೇಲಂ ಪೇಟೆಗೆ ಹೋಗಿ ಸುತ್ತಬೇಕಿಲ್ಲ. ಹರೂರು, ಪಾಪಿರೆಡ್ಡಿಪಟ್ಟಿ, ಮಂಜವಾಡಿ ಕಣಿವೆ, ಅಯೋಧ್ಯಾಪಟ್ಟಣ. ಅಲ್ಲಿಂದ ಕುಪ್ಪನೂರಿನ ಮೇಲೆ ಹಿಂಬದಿಯ ರಸ್ತೆ. ಪ್ರವಾಸಿಗಳೆಲ್ಲ ಸೇಲಂ ಕಡೆಯಿಂದ ಹತ್ತುವುದರಿಂದ ಇಲ್ಲಿ ಗಲಾಟೆ ಕಡಿಮೆ. ಹುಣಸೆ, ಮಾವು, ಮರಗೆಣಸಿನ ಹೊಲಗಳು ಹಿಂದೆ ಬಿದ್ದು ಬಿದಿರು ಶುರುವಾಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸಿಲ್ವರ್ ಓಕ್. ಅಕ್ಕ ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದಳು. ಅವಳ ಮಗನಿಗೆ ಹೋಟೆಲಿನ ಬಿರಿಯಾನಿ ಮೇಲೆ ಆಸೆ. ಬೆಟ್ಟ ಹತ್ತುವವರೆಗೂ ಇದೇ ವಾದ.

ಮಂಜವಾಡಿಗೆ ಮೊದಲು ರಸ್ತೆಯ ಬಲಕ್ಕೆ ದೂರದಲ್ಲಿ ವಾಣಿಯಾರು ಅಣೆಕಟ್ಟಿನ ಕಡೆಯ ಬೆಟ್ಟ. ವಾಣಿಯಾರು ಹುಟ್ಟುವುದು ಏರ್ಕಾಡಿನ ಸೇರ್ವರಾಯನ್ ಬೆಟ್ಟಗಳಲ್ಲಿ. ಹರೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಪಿನಾಕಿನಿಯೋ ನಂದಿಬೆಟ್ಟದ ಕಡೆಯಿಂದ ಹೊರಟು, ಹೊಸೂರಿನ ಪಕ್ಕ ಹಾದು, ಕೃಷ್ಣಗಿರಿ ಅಣೆಕಟ್ಟಿನಲ್ಲಿ ನಿಂತು ನಮ್ಮ ಕಡೆಗೆ ಬರುತ್ತದೆ. ಹೊಸೂರಿನ ವಿಷಯ ಮುಂದೆ ಬರೆಯಬೇಕು. ಅಲ್ಲೂ ಒಬ್ಬ ಕಲೆಕ್ಟರ್, ಅಲ್ಲೂ ಒಂದು ಕೋಟೆ.

*

ಗ್ರೇಂಜ್ ಖಾಸಗಿ ಆಸ್ತಿ. ಗೇಟಿನ ಹೊರಗಿನಿಂದ ಕಂಡಷ್ಟೇ ಕಂಡದ್ದು.

ಅಳಿಯ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದ. “ಮಾಮಾ, ಫಿರಂಗಿ ಕಾಣ್ತಾ ಇಲ್ಲ” ಅಂದ.

“ನಿನಗೆ ಕಾಣುವ ಹಾಗಿಟ್ಟರೆ ಅದು ಫಿರಂಗಿಯಾ?” ಅಂದಳು ಅಕ್ಕ.

ಗೇಟಿನಾಚೆಯಿಂದ ತೋಟ ನೋಡುವುದಕ್ಕೂ ಒಂದು ಇತಿಹಾಸವಿದೆ. 1575ರ ಜುಲೈನಲ್ಲಿ ಇಂಗ್ಲೆಂಡಿನ ಕೆನಿಲ್‌ವರ್ತ್ ಕೋಟೆಗೆ ಮೊದಲನೆಯ ಎಲಿಜಬೆತ್ ರಾಣಿ ಬಂದು ಹತ್ತೊಂಬತ್ತು ದಿನ ತಂಗಿದ್ದಳು. ಅವಳಿಗೆಂದೇ ಒಂದು ತೋಟ ಮಾಡಿಸಿದ್ದರು: ಅಮೃತಶಿಲೆಯ ಕಾರಂಜಿ, ಹಕ್ಕಿಗಳ ದೊಡ್ಡ ಪಂಜರ, ಹಣ್ಣಿನ ಗಿಡ. ಎಲ್ಲರಿಗೂ ಪ್ರವೇಶವಿರಲಿಲ್ಲ. ರಾಬರ್ಟ್ ಲ್ಯಾಂಗಮ್ ಎಂಬವನ ಹೆಸರಿನಲ್ಲಿ ಉಳಿದ ಒಂದು ಕಾಗದ ಹೇಳುವಂತೆ, ರಾಣಿ ಬೇಟೆಗೆ ಹೋದ ಹೊತ್ತಿನಲ್ಲಿ ತೋಟದ ಮಾಲಿ ಅವನನ್ನು ಮೆಲ್ಲಗೆ ಒಳಗೆ ಬಿಟ್ಟ. ಅವನು ಕಂಡದ್ದನ್ನೆಲ್ಲ ಬರೆದಿಟ್ಟ. ತೋಟ ಹಾಳಾಗಿ ಶತಮಾನಗಳು ಕಳೆದ ಮೇಲೆ, 2009ರಲ್ಲಿ, ಆ ಕಾಗದವನ್ನೇ ಮುಂದಿಟ್ಟುಕೊಂಡು ಅದನ್ನು ಮತ್ತೆ ಕಟ್ಟಿದರು. ಒಡೆಯನಲ್ಲ, ಒಡತಿಯಲ್ಲ, ಕದ್ದು ನೋಡಿದವನೊಬ್ಬನ ಕಣ್ಣಿನಿಂದ ಆ ತೋಟ ಉಳಿಯಿತು.

ನಮಗೆ ಅಂಥ ಮಾಲಿ ಯಾರೂ ಸಿಗಲಿಲ್ಲ. ಸಿಕ್ಕಿದ್ದರೂ ಅಕ್ಕ ಬಿಡುತ್ತಿರಲಿಲ್ಲ.

*

ಕಾಕ್‌ಬರ್ನ್ ಕಾಫಿ ತಂದ, ಕಿತ್ತಳೆ ತಂದ, ಸೇಬು, ಪೇರು ಹಣ್ಣಿನ ಸಸಿ ತಂದ. ಹೀಗಾಗಿ ಏರ್ಕಾಡಿನವರು ಅವನನ್ನು ಊರಿನ ಪಿತಾಮಹನೆಂದು ಕರೆಯುತ್ತಾರೆ. ನಮ್ಮ ಕನ್ನಡದವರಿಗೆ ಕಾಫಿಯ ಕಥೆ ಶುರುವಾಗುವುದು ಬಾಬಾ ಬುಡನ್ ಅವರಿಂದ, ಚಿಕ್ಕಮಗಳೂರಿನ ಬೆಟ್ಟದಿಂದ, ಏಳು ಬೀಜದಿಂದ. ಆ ಕಥೆಯಲ್ಲಿ ಬೀಜ ತಂದವರು ಫಕೀರರು. ಇಲ್ಲಿ ತಂದವನು ಕಂದಾಯ ವಸೂಲಿ ಮಾಡುವವನು. ಕಲೆಕ್ಟರನೇ ತೋಟ ಮಾಡಿದರೆ ಆ ತೋಟದ ಕಂದಾಯದ ಲೆಕ್ಕ ಬರೆದವರು ಯಾರು? ಕೆಳಗಿನ ಗುಮಾಸ್ತ ಎಷ್ಟು ಧೈರ್ಯವಾಗಿ ಬರೆದಾನು?

ಈಗ ಕಾಫಿಗೆ ನೆರಳು ಕೊಡುತ್ತಿರುವುದು ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದ ಮರ. ಅದರ ಮೈಗೆ ಹಬ್ಬಿರುವ ಮೆಣಸು ಪಶ್ಚಿಮ ಘಟ್ಟದ್ದು. ಕೆಳಗಿನ ಕಾಫಿ ಅರೇಬಿಯಾ ದಾರಿಯಾಗಿ ಬಂದದ್ದು, ತವರು ಇಥಿಯೋಪಿಯಾ. “ಕಾಡಿನಲ್ಲಿ ನಡಿಗೆ” ಎಂದು ಪ್ರವಾಸಿಗಳಿಗೆ ತೋರಿಸುವ ದಾರಿಗಳಲ್ಲಿ ಬಹುಪಾಲು ಇಂಥ ತೋಟದೊಳಗಿನವು. ಇದನ್ನು ಕಾಡು ಅನ್ನುವುದೋ ಬಿಡುವುದೋ. ಕಾಟಿಗಳಿಗೆ ಮಾತ್ರ ಈ ಗೊಂದಲವಿಲ್ಲ. ಈಚಿನ ವರ್ಷಗಳಲ್ಲಿ ಅವು ತೋಟ, ರಸ್ತೆ, ಮನೆಯಂಗಳ ಎಲ್ಲ ಕಡೆ ಕಾಣಿಸಿಕೊಳ್ಳುತ್ತಿವೆ. ಸುತ್ತುಗೋಡೆ ದಾಟುವ ಶತ್ರು ಕೊನೆಗೂ ಬಂದಂತಾಯಿತು, ಸ್ವಲ್ಪ ತಡವಾಗಿ.

*

ದಾರಿ ಬದಿಯಲ್ಲಿ ಮೆಣಸು ಬಿಡಿಸುತ್ತಿದ್ದರು. ಇದನ್ನು ಹತ್ತಿರ ನಿಂತು ನೋಡಿದೆ.

ಏಣಿ ಅಂದರೆ ಒಂಟಿ ಬಿದಿರು. ಎರಡು ಕಾಲಿನ ಏಣಿಯಲ್ಲ. ಗಿಣ್ಣಿನ ಹತ್ತಿರದ ಕವಲನ್ನು ಗೇಣುದ್ದ ಬಿಟ್ಟು ಕತ್ತರಿಸಿರುತ್ತಾರೆ. ಎಡಕ್ಕೊಂದು ಬಲಕ್ಕೊಂದು, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಅದನ್ನು ಸಿಕ್ಕಿಸಿ ಹತ್ತಬೇಕು. ಬಿದಿರನ್ನು ಮರಕ್ಕೆ ಆನಿಸಿ, ತುದಿಯ ಹತ್ತಿರ ಹಗ್ಗದಿಂದ ಒಂದು ಸುತ್ತು. ಹತ್ತಿದವನು ಒಂದು ಕೈಯಿಂದ ಮರ ತಬ್ಬಿಕೊಂಡು ಇನ್ನೊಂದು ಕೈಯಿಂದ ಕಾಳಿನ ಗೊಂಚಲನ್ನು ಹಿಂದಕ್ಕೆ ಮಡಚಿ ಮುರಿಯುತ್ತಾನೆ. ಎಳೆದರೆ ಬಳ್ಳಿಯ ಗಿಣ್ಣು ಕಿತ್ತುಬರುತ್ತದೆ, ಮುಂದಿನ ವರ್ಷ ಅಲ್ಲಿ ಫಸಲಿಲ್ಲ. ಸೊಂಟಕ್ಕೆ ಕಟ್ಟಿದ ಗೋಣಿಚೀಲ ತುಂಬುತ್ತಾ ಬಂದ ಹಾಗೆ ಮೈ ಒಂದು ಕಡೆಗೆ ವಾಲುತ್ತದೆ. ಆಗ ಅವನು ಚೀಲವನ್ನು ಬೆನ್ನಿನ ಕಡೆಗೆ ಜರುಗಿಸಿಕೊಳ್ಳುತ್ತಾನೆ, ಕೆಳಗೆ ನೋಡದೆ. ಕೆಳಗೆ ಒಬ್ಬ ಹೆಂಗಸು ಉದುರಿದ ಕಾಳನ್ನು ತರಗೆಲೆಯ ನಡುವಿನಿಂದ ಆರಿಸುತ್ತಿದ್ದಳು. ಹಸಿರು ಕಾಳು ಬೇರೆ, ಕೆಂಪು ತಿರುಗಿದ್ದು ಬೇರೆ.

ಪಕ್ಕದಲ್ಲೇ ನಮ್ಮಂಥ ಪ್ರವಾಸಿಗಳು ಮರಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಿದಿರಿನ ಮೇಲಿದ್ದವನನ್ನು ಚಿತ್ರದಿಂದ ಹೊರಗಿಡಲು ಒಂದು ಹೆಜ್ಜೆ ಆಚೆ ಸರಿದು ನಿಂತರು. ಆ ಒಂದು ಹೆಜ್ಜೆ ಯಾಕೆ? ಇನ್ನೂ ಯೋಚಿಸುತ್ತಿದ್ದೇನೆ.

ತೋಟದೊಳಗೆ ದಾರಿಗಳು ಎರಡು ಬಗೆ. ಪ್ರವಾಸಿಗಳದ್ದು ಸುತ್ತಿ ಬಳಸಿ ನೋಟ ಸಿಗುವ ಕಡೆಗೆ ಹೋಗುತ್ತದೆ. ಅದಕ್ಕೆ ಬೆಂಚು, ಫಲಕ, ಹೆಸರು ಎಲ್ಲ ಉಂಟು: ಲೇಡೀಸ್ ಸೀಟ್, ಜೆಂಟ್ಸ್ ಸೀಟ್, ಪಗೋಡ ಪಾಯಿಂಟ್. ಕೆಲಸದವರ ದಾರಿ ಇಳಿಜಾರಿನಲ್ಲಿ ನೇರ ಕೆಳಗೆ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಅದಕ್ಕೆ ಹೆಸರಿಲ್ಲ. ಯಾವುದು ಮೊದಲು ಹುಟ್ಟಿತು ಎಂದು ಕೇಳಬೇಕಾದ್ದೇ ಇಲ್ಲ.

*

ಸಸ್ಯೋದ್ಯಾನ. ಭಾರತೀಯ ಸಸ್ಯ ಸರ್ವೇಕ್ಷಣೆಯವರು 1963ರಲ್ಲಿ ಶುರುಮಾಡಿದ ಆರ್ಕಿಡ್ ತೋಟ. ಆರ್ಕಿಡ್‌ಗಿಂತ ಮಕ್ಕಳು ಮುತ್ತಿಕೊಂಡದ್ದು ಹೂಜಿಗಿಡವನ್ನು, ಮೇಘಾಲಯದ ಖಾಸಿ ಬೆಟ್ಟದ ಸಸ್ಯ. ಎಲೆಯ ತುದಿ ಹೂಜಿಯಾಗಿ, ಮೇಲೊಂದು ಮುಚ್ಚಳ, ಒಳಗೆ ನೀರು, ನೀರಿನಲ್ಲಿ ಸತ್ತ ಇರುವೆ. “ಮುಚ್ಚಳ ಮುಚ್ಚಿಕೊಳ್ತದಾ?” ಎಂದು ಒಬ್ಬ ಹುಡುಗ ಕೇಳಿದ. ಮುಚ್ಚಿಕೊಳ್ಳುವುದಿಲ್ಲ. ಅದು ಮಳೆನೀರು ತುಂಬದಿರಲಿ ಎಂದು ಇರುವ ಛತ್ರಿ. ಒಳಗಿನ ಗೋಡೆ ಜಾರುತ್ತದೆ, ಅಷ್ಟರಿಂದಲೇ ಕೆಲಸ ನಡೆಯುತ್ತದೆ. ಏರ್ಕಾಡಿನಲ್ಲಿ ನಾನು ಕಂಡ ಕೋಟೆಗಳಲ್ಲಿ ಶತ್ರುವನ್ನು ನಿಜವಾಗಿ ಹಿಡಿದದ್ದು ಇದೊಂದೇ.

*

ಸೇರ್ವರಾಯನ್ ಗುಡಿ, 1,623 ಮೀಟರ್ ಎತ್ತರದ ಬಯಲಿನಲ್ಲಿ. ಮರವಿಲ್ಲ, ಗಾಳಿ, ಹುಲ್ಲು, ಕೆಂಪು ಮಣ್ಣು. ಈ ಸುತ್ತಿನಲ್ಲಿ ಮೆಟ್ಟೂರಿನ ಅಲ್ಯೂಮಿನಿಯಂ ಕಾರ್ಖಾನೆಗಾಗಿ ಬಾಕ್ಸೈಟ್ ಅಗೆದ ಗುರುತುಗಳಿವೆ. ಗುಡಿಯೆಂದರೆ ಗುಹೆ. ತಲೆ ಬಗ್ಗಿಸಿ, ಆಮೇಲೆ ಸೊಂಟ ಬಗ್ಗಿಸಿ ಒಳಗೆ ಹೋಗಬೇಕು. ಒಳಗೆ ಸೇರ್ವರಾಯನ ಜೊತೆ ಕಾವೇರಿ ಅಮ್ಮ. ಅವನು ಬೆಟ್ಟ, ಅವಳು ಹೊಳೆ. ಕೊಡಗಿನಲ್ಲಿ ಹುಟ್ಟಿದವಳು ಇಲ್ಲಿ ಈ ಬೆಟ್ಟದ ಪಕ್ಕ ಕೂತಿದ್ದಾಳೆ ಎಂದು ಅಕ್ಕನಿಗೆ ಬಹಳ ಸಮಾಧಾನವಾಯಿತು. “ನಮ್ಮ ಕಡೆ ಹೆಣ್ಣನ್ನು ಇಲ್ಲಿಗೂ ಕೊಟ್ಟಿದ್ದಾರೆ ನೋಡು” ಅಂದಳು. ಮೇ ತಿಂಗಳ ಹಬ್ಬಕ್ಕೆ ಸುತ್ತಲಿನ ಹಾಡಿಗಳ ಮಲೆಯಾಳಿಗಳೆಲ್ಲ ಇಲ್ಲಿ ಸೇರುತ್ತಾರೆ. ಬಾಗಿಲಿಗೆ ಕಾವಲಿಲ್ಲ, ಸೂರು ತಗ್ಗಿರುವುದರಿಂದ ಕಲೆಕ್ಟರನಾದರೂ ಬಗ್ಗಲೇಬೇಕು.

*

ರಾಬರ್ಟ್ ಬ್ರೂಸ್ ಫೂಟ್ ಇದ್ದದ್ದೂ ಈ ಊರಿನಲ್ಲೇ, ಐವಿ ಕಾಟೇಜ್ ಎಂಬ ಮನೆಯಲ್ಲಿ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಗುರುತಿಸಿದ ಭೂವಿಜ್ಞಾನಿ. ಬಳ್ಳಾರಿ ಸೀಮೆಯ ಬೆಟ್ಟಗಳಲ್ಲಿ ಕಲ್ಲಿನ ಆಯುಧ ಹುಡುಕುತ್ತ ಅಲೆದವನು. 1912ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಬೂದಿ ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿಗೆ ಬಂತು. ಈ ಬೆಟ್ಟಗಳಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲಿನ ಕೊಡಲಿಗಳು ಹೊಲದಲ್ಲಿ ಸಿಕ್ಕಾಗ ಜನ ಅವನ್ನು ಪಿಳ್ಳೈಯಾರ್ ಗುಡಿಯಲ್ಲಿ ಇಟ್ಟು ಕೈಮುಗಿಯುತ್ತಿದ್ದರು. ಸಾವಿರಾರು ವರ್ಷದ ಹಿಂದೆ ಮರ ಕಡಿದ ಕೊಡಲಿ. ಕಾಡು ಕಡಿದು ತೋಟ ಮಾಡುವ ಕೆಲಸ ಕಾಕ್‌ಬರ್ನ್‌ಗಿಂತ ಬಹಳ ಹಿಂದೆಯೇ ಶುರುವಾಗಿತ್ತು. ಆದರೆ ಈ ಕಲ್ಲಿನವರು ಕೋಟೆ ಕಟ್ಟಿದ ಗುರುತು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

*

ಹೊಸೂರು. ಇದನ್ನು ಬೇರೆಯಾಗಿ ಬರೆದುಕೊಳ್ಳುತ್ತಿದ್ದೇನೆ, ಏಕೆಂದರೆ ಇಲ್ಲಿ ಗೊಂದಲ ಇನ್ನೂ ದೊಡ್ಡದು.

ಹೊಸೂರು ಆಗ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 2004ರಲ್ಲಿ ಕೃಷ್ಣಗಿರಿ. ಊರು ಕದಲಲಿಲ್ಲ, ಕಚೇರಿ ಮಾತ್ರ ಬದಲಾಯಿತು. ಬೆಂಗಳೂರಿನಷ್ಟೇ ತಂಪು ಹವೆ, ಕನ್ನಡ ತೆಲುಗು ತಮಿಳು ಮೂರೂ ನಡೆಯುವ ಪೇಟೆ. ಅಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬ್ರೆಟ್ ಎಂಬ ಸೇಲಂ ಕಲೆಕ್ಟರ್ ಇಂಗ್ಲೆಂಡಿನ ಕೆನಿಲ್‌ವರ್ತ್ ಮಾದರಿಯಲ್ಲಿ ಒಂದು ಕೋಟೆಮನೆ ಕಟ್ಟಿಸಿದ. ಮದುವೆಯಾಗಬೇಕಿದ್ದ ಹುಡುಗಿ ಕೆನಿಲ್‌ವರ್ತ್‌ನಂಥ ಮನೆಯಿದ್ದರಷ್ಟೇ ಈ ದೇಶಕ್ಕೆ ಬರುತ್ತೇನೆ ಎಂದಿದ್ದಳಂತೆ, ಅದಕ್ಕೆ. ಈಗ ಅಲ್ಲಿ ಕೋಟೆಯೆಂದು ಬೆರಳು ಮಾಡಿ ತೋರಿಸಲು ಹೆಚ್ಚೇನೂ ಉಳಿದಿಲ್ಲ.

ಹುಡುಗಿ ಕೇಳಿದ ಕೆನಿಲ್‌ವರ್ತ್ ಯಾವುದು? ನಿಜವಾದ ಕೋಟೆಯನ್ನು 1649ರಲ್ಲೇ ಪಾರ್ಲಿಮೆಂಟಿನ ಕಡೆಯವರು ಬೇಕೆಂದೇ ಕೆಡವಿ ಉಪಯೋಗಕ್ಕೆ ಬಾರದಂತೆ ಮಾಡಿದ್ದರು. ಬ್ರೆಟ್ ಕಾಲಕ್ಕೆ ಅದು ಐವಿ ಬಳ್ಳಿ ಹಬ್ಬಿದ ಹಾಳು. ಜನರಿಗೆ ಗೊತ್ತಿದ್ದದ್ದು ವಾಲ್ಟರ್ ಸ್ಕಾಟ್ 1821ರಲ್ಲಿ ಬರೆದ ಕಾದಂಬರಿಯ ಕೆನಿಲ್‌ವರ್ತ್. ಆ ಕಾದಂಬರಿಯಲ್ಲಿ ಕೋಟೆಯ ಒಡೆಯ ರಾಣಿಯ ಮೆಚ್ಚುಗೆಗಾಗಿ ತನ್ನ ಮದುವೆಯನ್ನೇ ಮುಚ್ಚಿಡುತ್ತಾನೆ. ಎಳೆಯ ಹೆಂಡತಿ ಕೊನೆಗೆ ಸಾಯುತ್ತಾಳೆ. ಇಂಥ ಮನೆ ಬೇಕೆಂದು ಮದುವಣಗಿತ್ತಿ ಕೇಳಿದಳೆಂದರೆ ಒಂದೋ ಅವಳು ಪುಸ್ತಕವನ್ನು ಕೊನೆಯವರೆಗೆ ಓದಿರಲಿಲ್ಲ, ಇಲ್ಲವೇ ಬರುವ ಮನಸ್ಸೇ ಇರಲಿಲ್ಲ. ಎರಡನೆಯದೇ ಇರಬೇಕು ಎಂದು ಅಕ್ಕನ ತೀರ್ಪು. “ಒಲ್ಲೆ ಅನ್ನೋಕೆ ಬಾಯಿ ಬರದಿದ್ದರೆ ಹುಲಿ ಹಾಲು ತಾ ಅನ್ನೋದು. ನಮ್ಮವರೂ ಹಾಗೇ ಮಾಡ್ತಿದ್ದರು ಕಣೋ.”

ನಿಜವಾದ ಒಡೆಯ ರಾಬರ್ಟ್ ಡಡ್ಲಿಯೂ ಹೆಣ್ಣೊಬ್ಬಳ ಮನಸ್ಸು ಗೆಲ್ಲಲೆಂದೇ ಕೆನಿಲ್‌ವರ್ತ್ ಬೆಳೆಸಿದವನು. ರಾಣಿ ಬಂದಳು, ತೋಟ ನೋಡಿದಳು, ಹತ್ತೊಂಬತ್ತು ದಿನ ಉಂಡಳು, ಹೊರಟಳು. ಅವನನ್ನು ಮದುವೆಯಾಗಲಿಲ್ಲ.

ಅಕ್ಕನಿಗೆ ಹೇಳದೆ ಉಳಿಸಿಕೊಂಡ ಒಂದು ವಿಷಯ: 1266ರಲ್ಲಿ ಕೆನಿಲ್‌ವರ್ತ್‌ಗೆ ಮುತ್ತಿಗೆ ಬಿತ್ತು. ಗೋಡೆ ಬೀಳಲಿಲ್ಲ, ಗೋಡೆಯ ಸುತ್ತ ಕೆರೆಯಷ್ಟು ನೀರಿತ್ತು. ಸುಮಾರು ಆರು ತಿಂಗಳಿಗೆ ಒಳಗಿನವರ ಆಹಾರ ಮುಗಿದು, ರೋಗ ಹರಡಿ, ತಾವಾಗಿ ಬಾಗಿಲು ತೆರೆದರು. ಗ್ರೇಂಜ್‌ನ ನೆಲಮಾಳಿಗೆಗೆ ಆರು ತಿಂಗಳೆಂದು ಗೊತ್ತುಮಾಡಿದವನಿಗೆ ಈ ಚರಿತ್ರೆ ಗೊತ್ತಿತ್ತೋ, ಸುಮ್ಮನೆ ಒಂದು ಅಂದಾಜೋ. ಗೊತ್ತಿದ್ದರೆ ಏಳು ತಿಂಗಳಿಗೆ ತುಂಬಿಸಬೇಕಿತ್ತು.

*

ಬೆಂಗಳೂರು ಅರಮನೆಯ ಮಾತು ಬಂತು, ಮನೆಯಲ್ಲಿ. ಅದನ್ನು ಕಟ್ಟಲು ತೊಡಗಿದವರು ಪಾದ್ರಿ ಗ್ಯಾರೆಟ್, ಸೆಂಟ್ರಲ್ ಹೈಸ್ಕೂಲಿನ ಪ್ರಿನ್ಸಿಪಾಲ್. ಮೈಸೂರು ದೊರೆತನಕ್ಕಾಗಿ ಅದನ್ನು ಕೊಂಡದ್ದು 1873ರಲ್ಲಿ. ಮೇಷ್ಟರಿಗೆ ಗೋಪುರದ ಮನೆ, ಕಲೆಕ್ಟರರಿಗೆ ಫಿರಂಗಿಯ ಮನೆ. ಇಂಗ್ಲೆಂಡಿನಲ್ಲಿ ಇವರಿಗೆ ಕೋಟೆ ಕಟ್ಟಲು ಯಾರೂ ಬಿಡುತ್ತಿರಲಿಲ್ಲ, ಕಟ್ಟಲು ದುಡ್ಡೂ ಇರುತ್ತಿರಲಿಲ್ಲ. ಹತ್ತಿರದ ಉತ್ತರ ಇದೇ ಅನ್ನಿಸುತ್ತದೆ. ಆದರೂ ಫಿರಂಗಿಯ ವಿಷಯ ಇದರಿಂದ ಬಗೆಹರಿಯುವುದಿಲ್ಲ. ಆಸೆಗೆ ಗೋಪುರ ಸಾಕು, ಫಿರಂಗಿ ಬೇಕಾಗುವುದು ಭಯಕ್ಕೆ.

*

ಭಯವಿದ್ದ ಕೋಟೆ ಹೇಗಿರುತ್ತದೆ ಎಂದು ನೋಡಬೇಕಾದರೆ ಕೃಷ್ಣಗಿರಿಯ ಬಂಡೆ ಹತ್ತಬೇಕು. 1791ರ ನವೆಂಬರಿನಲ್ಲಿ ಮ್ಯಾಕ್ಸ್‌ವೆಲ್ ಎಂಬ ಕರ್ನಲ್ ರಾತ್ರಿ ಹೊತ್ತು ದಾಳಿ ಮಾಡಿ, ಕೆಳಗಿನ ಪೇಟೆ ಹಿಡಿದು, ಮೇಲಿನ ಕೋಟೆಯಲ್ಲಿದ್ದ ಟಿಪ್ಪುವಿನ ಕಡೆಯವರು ಉರುಳಿಸಿದ ಕಲ್ಲುಗಳಿಗೆ ಹಿಂದೆ ಸರಿದ. ಮರುವರ್ಷದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು, ಕೋಟೆ ಕಾಗದದ ಮೇಲೆ ಕೈಬದಲಾಯಿತು. ಹೊಸೂರಿನ ಹಳೆಯ ಕೋಟೆಯ ಕಥೆ ಇನ್ನೂ ಕೆಟ್ಟದ್ದು. ಅದನ್ನು ಬಲಪಡಿಸುವ ಕೆಲಸಕ್ಕೆ ಟಿಪ್ಪು ಹಚ್ಚಿದ್ದು ಸೆರೆಸಿಕ್ಕ ಹ್ಯಾಮಿಲ್ಟನ್ ಎಂಬ ಇಂಗ್ಲಿಷರವನನ್ನು. ಕಂಪನಿಯ ಸೈನ್ಯ ಹತ್ತಿರ ಬಂದಾಗ ಅವನ ತಲೆ ತೆಗೆದರು ಎನ್ನುತ್ತವೆ ಕಂಪನಿ ಕಾಲದ ಬರಹಗಳು. ಅದೇ ಊರಿನಲ್ಲಿ, ಮುಕ್ಕಾಲು ಶತಮಾನವೂ ಕಳೆಯುವ ಮೊದಲೇ, ಇನ್ನೊಬ್ಬ ಇಂಗ್ಲಿಷರವನು ಮದುವೆಯ ಆಸೆಗೆ ಆಟದ ಕೋಟೆ ಕಟ್ಟಿದ. ಹ್ಯಾಮಿಲ್ಟನ್ ಸುದ್ದಿ ಬ್ರೆಟ್ ಕಿವಿಗೆ ಬೀಳದೆ ಇರಲು ಸಾಧ್ಯವೇ? ಜಿಲ್ಲೆಯ ದಫ್ತರವೆಲ್ಲ ಅವನ ಕೈಯಲ್ಲೇ ಇತ್ತಲ್ಲ.

ಕೃಷ್ಣಗಿರಿಯಲ್ಲಿ, ರಾಯಕೋಟೆಯಲ್ಲಿ ತೋಟವಿಲ್ಲ. ಬಂಡೆ, ದೊಣೆಯಲ್ಲಿ ನಿಂತ ಹಸಿರು ನೀರು, ಮೇಕೆ, ಸೀತಾಫಲದ ಪೊದೆ. ಬಿಸಿಲು ನೆತ್ತಿ ಸುಡುತ್ತದೆ. ಏರ್ಕಾಡಿಗೆ ಬಂದ ಜನರ ಹತ್ತನೇ ಒಂದು ಪಾಲೂ ಅಲ್ಲಿಗೆ ಹೋಗಲಾರರು. ದಸರಾ ರಜೆಗೆ ರಾಯಕೋಟೆಗೆ ಹೋಗೋಣ ಎಂದು ಅಳಿಯನಿಗೆ ಹೇಳಿದೆ.

“ಅಲ್ಲಿ ಪಾರ್ಕ್ ಇದೆಯಾ ಮಾಮಾ?”

“ಇಲ್ಲ. ಕೋಟೆ ಇದೆ.”

“ಬರೀ ಕೋಟೆಯಾ?” ಅಂದ.